ಬೇಲೆಕೇರಿಯ ಫೋನಿಗೆ ದುಡ್ಡು ಕೊಟ್ಟವರು ಯಾರು?

ಬೇಲೆಕೇರಿ ಬಂದರಿನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಅಷ್ಟು ಆಳ ಅಲ್ಲಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸುವವರೆಗೆ ಬಳ್ಳಾರಿ, ಹೊಸಪೇಟೆ ಕಡೆಯಿಂದ ಲಾರಿಗಳಲ್ಲಿ ಇಳಿದು ಬಂದ ಅದಿರು ಇಲ್ಲಿ ಬಾರ್ಜು ಹತ್ತಿ, ಹೊರಗೆ ಲಂಗರು ಹಾಕಿ ನಿಂತ ಹಡಗನ್ನು ಸೇರುತ್ತಿತ್ತು. ಸಮುದ್ರಗಳನ್ನೇ ದಾಟಿ ಹೋಗುವ ಹಡಗಿಗೂ ದಡದ ಹತ್ತಿರದ ಆ ತುಂಡು ದಾರಿಗೆ ಬಾರ್ಜಿನ ಹಂಗು ತಪ್ಪಿದ್ದಲ್ಲ. ಬಾರ್ಜಿನ ದರ ಎಷ್ಟು, ಜೆಟ್ಟಿ ಯಾರ ಕೈಯಲ್ಲಿದೆ, ಯಾರ ಸರಕು ಮೊದಲು ಏರಬೇಕು ಎಂಬ ಮೂರು ಪ್ರಶ್ನೆಗಳ ಮೇಲೆ ಇಡೀ ವ್ಯಾಪಾರ ನಿಂತಿರುತ್ತಿತ್ತು.

ದೂರದ ಊರಿಗೆ ಮಾಡುವ ಫೋನ್ ಕರೆಯ ಒಳಲೆಕ್ಕವೂ ಇಂಥದ್ದೇ. ಮುಂಬೈಯಿಂದ ಬೇಲೆಕೇರಿಗೆ ಬರುವ ಕರೆಯನ್ನು ಒಂದು ಕಂಪನಿ ನೂರಾರು ಕಿಲೋಮೀಟರ್ ಹೊತ್ತು ತರಬಹುದು. ಆದರೆ ಊರಿನೊಳಗಿನ ತಂತಿ ಅಥವಾ ಟವರ್ ಇನ್ನೊಬ್ಬರದಾಗಿದ್ದರೆ, ಕೊನೆಯ ಆ ತುಂಡು ದಾರಿಗೆ ಅವರಿಗೂ ಪಾಲು ಕೊಡಬೇಕಿತ್ತು. ಕೊಡದಿದ್ದರೆ ಫೋನ್ ರಿಂಗಾಗುತ್ತಿರಲಿಲ್ಲ. ನಮ್ಮ ಬಿಲ್ಲಿನಲ್ಲಿ ಈ ಹಣ ಯಾವತ್ತೂ ಬೇರೆಯಾಗಿ ಕಾಣಿಸಿಕೊಂಡಿಲ್ಲ. ಆದರೂ ಒಂದು ಕಾಲದ ಎಸ್‌ಟಿಡಿ ಯಾಕೆ ಅಷ್ಟು ದುಬಾರಿಯಾಗಿತ್ತು, ಮೊಬೈಲಿಗೆ ಬರುವ ಕರೆ ಯಾವಾಗ ಉಚಿತವಾಯಿತು, ಇವತ್ತು ಘಟ್ಟದ ಬುಡದ ಊರಿಗೆ ಯಾಕೆ ಸಿಗ್ನಲ್ ಇಲ್ಲ ಎಂಬುದಕ್ಕೆಲ್ಲ ಉತ್ತರ ಇರುವುದು ಈ ಲೆಕ್ಕದಲ್ಲಿಯೇ. ಹಾಗಾಗಿ ಇದನ್ನು ಬರೀ ಕಂಪನಿಗಳ ನಡುವಿನ ವ್ಯವಹಾರವೆಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಮೊದಲು ಎಲ್ಲವೂ ಒಬ್ಬರದೇ ಆಗಿತ್ತು. ಊರಿನ ತಂತಿ, ಎಕ್ಸ್‌ಚೇಂಜ್, ಊರಿಂದೂರಿಗೆ ಹೋಗುವ ಟ್ರಂಕ್ ಲೈನು ಎಲ್ಲವೂ ಸರ್ಕಾರದ್ದು. ಪರಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಅವಸರವಿದ್ದರೆ ಅರ್ಜೆಂಟ್, ಇನ್ನೂ ಅವಸರವಿದ್ದರೆ ಲೈಟ್ನಿಂಗ್. ಅದಕ್ಕೆ ಹಲವು ಪಟ್ಟು ಹಣ. ಚಂದಾದಾರರು ತಾವೇ ನಂಬರ್ ತಿರುಗಿಸಿ ಪರಊರಿಗೆ ಮಾತಾಡುವ ಎಸ್‌ಟಿಡಿ ಭಾರತದಲ್ಲಿ ಶುರುವಾದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರಗಳ ನಡುವೆ. ಸಣ್ಣ ಊರುಗಳ ಪಾಲಿಗೆ ಅದು ಬಹುಕಾಲ ದೂರದ ಮಾತಾಗಿಯೇ ಉಳಿಯಿತು. ಹಳ್ಳಿಯ ಧೂಳು, ಸೆಕೆ, ಕರೆಂಟಿನ ಕಾಟ ತಾಳಿಕೊಳ್ಳುವ ಎಕ್ಸ್‌ಚೇಂಜ್ ಇಲ್ಲದಿದ್ದದ್ದು ಅದಕ್ಕೊಂದು ಕಾರಣ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣವೇ ಬೇಡದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅದನ್ನು ಮೊದಲು ಕೂರಿಸಿದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ದೇಶದ ಹಳ್ಳಿ ಫೋನಿನ ಕಥೆಯಲ್ಲಿ ಕರ್ನಾಟಕಕ್ಕೆ ಇರುವ ಈ ಜಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ದರ ಕಟ್ಟಲು ದೇಶವನ್ನು ಎರಡು ಹಂತದಲ್ಲಿ ಹೋಳು ಮಾಡಿದ್ದರು. ಹೆಚ್ಚುಕಡಿಮೆ ಒಂದು ತಾಲ್ಲೂಕಿನಷ್ಟಿರುವ ಸಣ್ಣ ವಲಯ ಒಂದು. ಅಂಥವು ದೇಶದಲ್ಲಿ 2,600ಕ್ಕೂ ಹೆಚ್ಚು. ಅವುಗಳ ಗುಂಪೊಂದು ಸೇರಿದರೆ ದೂರಕರೆಯ ದೊಡ್ಡ ವಲಯ; ಅವು 322. ಬೇಲೆಕೇರಿ ಸೇರುವ ಅಂಕೋಲಾ ವಲಯದ ಕೋಡ್ 08388, ಕಾರವಾರದ್ದು 08382, ಕುಮಟಾದ್ದು 08386, ಹೊನ್ನಾವರದ್ದು 08387, ಭಟ್ಕಳದ್ದು 08385, ಶಿರಸಿಯದ್ದು 08384. ಮೊದಲ ನಾಲ್ಕು ಅಂಕಿ ಎಲ್ಲಕ್ಕೂ ಒಂದೇ, ಏಕೆಂದರೆ ಇವೆಲ್ಲ ಕಾರವಾರದ ದೊಡ್ಡ ವಲಯದೊಳಗಿನವು. ಕೊನೆಯ ಅಂಕಿಯಿಂದ ತಾಲ್ಲೂಕು ತಿಳಿಯುತ್ತದೆ. ಹಳಬರಿಗೆ ಈ ಕೋಡುಗಳು ಇಂದಿಗೂ ಬಾಯಿಪಾಠ. ಒಂದು ವಲಯದಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅದಕ್ಕೆ ತಕ್ಕಂತೆ ಮೀಟರು ಓಡುತ್ತಿತ್ತು. ಹತ್ತಿರದ ಕರೆಗೆ ಒಂದು ಯೂನಿಟ್ ನಿಮಿಷಗಟ್ಟಲೆ ಬಂದರೆ, ದೆಹಲಿಯ ಕರೆಗೆ ಕೆಲವೇ ಸೆಕೆಂಡಿಗೊಂದು ಯೂನಿಟ್ ಹಾರುತ್ತಿತ್ತು.

ಆ ಹಾರುವ ಯೂನಿಟ್ಟುಗಳಲ್ಲಿಯೇ ಹಳ್ಳಿಯ ಫೋನು ಬದುಕಿತ್ತು. ಹಳ್ಳಿಯ ಮನೆಗೆ ಕಂಬ ನೆಟ್ಟು ತಂತಿ ಎಳೆಯುವ ಖರ್ಚಿಗೂ ಆ ಮನೆ ಕೊಡುವ ತಿಂಗಳ ಬಾಡಿಗೆಗೂ ತಾಳೆಯೇ ಇರಲಿಲ್ಲ. ಬಾಡಿಗೆಯನ್ನೂ ಸ್ಥಳೀಯ ಕರೆಯ ದರವನ್ನೂ ಸರ್ಕಾರ ಬೇಕೆಂದೇ ಕೆಳಗಿಟ್ಟು, ಆ ನಷ್ಟವನ್ನು ಎಸ್‌ಟಿಡಿ ಮತ್ತು ವಿದೇಶಿ ಕರೆಗಳ ಮೇಲೆ ಹೊರಿಸುತ್ತಿತ್ತು. ರಾತ್ರಿ ದರ ಅರ್ಧಕ್ಕೆ, ಮತ್ತಷ್ಟು ಹೊತ್ತಾದ ಮೇಲೆ ಕಾಲು ಪಾಲಿಗೆ ಇಳಿಯುತ್ತಿದ್ದುದರಿಂದ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಮುಂದೆ ಜನ ಸೇರುತ್ತಿದ್ದದ್ದೂ ಆ ಹೊತ್ತಿಗೇ. ಕಾರವಾರದಲ್ಲಿ ಇಂಥ ಕರೆಗಳಿಗೆ ಬರವಿರಲಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, ಕೈಗಾದಲ್ಲಿ ಅಣುಸ್ಥಾವರ ಎದ್ದಿತು, ಕೊಂಕಣ ರೈಲು ಬಂತು. ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದವರು ಊರಿಗೆ ಮಾತಾಡಲು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು, ಅವರಿಗೆ ಗೊತ್ತೇ ಇಲ್ಲದೆ, ಅಂಕೋಲಾ ತಾಲ್ಲೂಕಿನ ಯಾವುದೋ ಮನೆಯ ಫೋನಿನ ಬಾಡಿಗೆಯನ್ನು ತುಂಬುತ್ತಿತ್ತು. ಒಂದೇ ಇಲಾಖೆಯ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಹಣವಾದ್ದರಿಂದ ಇದಕ್ಕೆ ರಸೀದಿಯ ಅಗತ್ಯವಿರಲಿಲ್ಲ.

ಜೇಬುಗಳು ಬೇರೆಯಾದಾಗ ರಸೀದಿ ಬೇಕಾಯಿತು. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ಬಂತು. 1999ರ ಹೊಸ ನೀತಿಯ ಬೆನ್ನಿಗೆ 2000ದಲ್ಲಿ ದೇಶದೊಳಗಿನ ದೂರಕರೆ ಖಾಸಗಿಯವರಿಗೆ ತೆರೆದುಕೊಂಡಿತು. ಅದೇ ವರ್ಷದ ಅಕ್ಟೋಬರ್ 1ರಂದು ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಎಂಬ ಕಂಪನಿಯಾದವು. ದೂರಕರೆ ಸಾಗಿಸುವ ಪರವಾನಗಿಗೆ ಆಗ 100 ಕೋಟಿ ರೂಪಾಯಿ ಪ್ರವೇಶ ಶುಲ್ಕ. 2006ರಲ್ಲಿ ಅದು ಎರಡೂವರೆ ಕೋಟಿಗೆ ಇಳಿಯಿತು. 2002ರ ಜನವರಿಯಲ್ಲಿ ಭಾರ್ತಿ ಕಂಪನಿ ತನ್ನ ದೂರಕರೆ ಸೇವೆಯನ್ನು ಶುರುಮಾಡುವ ಹೊತ್ತಿಗೆ ಬಿಎಸ್‌ಎನ್‌ಎಲ್ ತನ್ನ ಎಸ್‌ಟಿಡಿ ದರವನ್ನು ಅರ್ಧಕ್ಕಿಂತ ಹೆಚ್ಚು ಕಡಿದಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ವಿದೇಶಿ ಕರೆಗಳ ಮೇಲೆ ವಿಎಸ್‌ಎನ್‌ಎಲ್‌ಗೆ ಇದ್ದ ಏಕಸ್ವಾಮ್ಯವೂ ಮುಗಿಯಿತು.

ಈಗ ಒಂದು ಕರೆಯಲ್ಲಿ ಮೂವರು ಪಾಲುದಾರರು. ಕರೆ ಹೊರಡುವ ತುದಿಯ ಕಂಪನಿ ಒಬ್ಬರು, ನಡುವೆ ಹೊತ್ತು ಸಾಗಿಸುವವರು ಇನ್ನೊಬ್ಬರು, ಕರೆ ಮುಟ್ಟಿಸುವ ತುದಿಯವರು ಮತ್ತೊಬ್ಬರು. ಗ್ರಾಹಕ ಹಣ ಕೊಡುವುದು ಮೊದಲಿನವರಿಗೆ ಮಾತ್ರ. ಉಳಿದ ಇಬ್ಬರಿಗೆ ಆ ಹಣ ಹೇಗೆ ಹಂಚಬೇಕು? ಇದಕ್ಕೆ ಟ್ರಾಯ್ 2003ರ ಜನವರಿಯಲ್ಲಿ ತಂದ ನಿಯಮವೇ ಅಂತರ್‌ಸಂಪರ್ಕ ಬಳಕೆ ಶುಲ್ಕ, ಪತ್ರಿಕೆಗಳಲ್ಲಿ ನಾವು ಐಯುಸಿ ಎಂದು ಓದುತ್ತ ಬಂದದ್ದು. ಆ ವರ್ಷದ ಮೇ 1ರಿಂದ ಅದು ಜಾರಿಯಾಯಿತು. ಕರೆ ಮುಟ್ಟಿಸಿಕೊಟ್ಟವರಿಗೆ ನಿಮಿಷಕ್ಕಿಷ್ಟು ಟರ್ಮಿನೇಷನ್ ಶುಲ್ಕ, ನಡುವೆ ಹೊತ್ತವರಿಗೆ ಕ್ಯಾರಿಯೇಜ್ ಶುಲ್ಕ. ಎಲ್ಲ ಕೊಟ್ಟು ಉಳಿದದ್ದು ಕರೆ ಹೊರಡಿಸಿದವರಿಗೆ.

ಅಲ್ಲಿಯವರೆಗೆ ಮೊಬೈಲ್ ಇದ್ದವರು ತಮಗೆ ಬಂದ ಕರೆಗೂ ದುಡ್ಡು ತೆರುತ್ತಿದ್ದರು. ಫೋನ್ ರಿಂಗಾದರೆ ಎತ್ತುವುದೋ ಬಿಡುವುದೋ ಎಂದು ಯೋಚಿಸುವ ಕಾಲ ಅದು. ಐಯುಸಿ ಬಂದ ದಿನದಿಂದ ಒಳಬರುವ ಕರೆ ಉಚಿತವಾಯಿತು. ಉಚಿತ ಎಂದರೆ ಯಾರೂ ಕೊಡುವುದಿಲ್ಲ ಎಂದಲ್ಲ. ಕರೆ ಮಾಡಿದವನ ಕಂಪನಿ ಕರೆ ಪಡೆದವನ ಕಂಪನಿಗೆ ಕೊಡತೊಡಗಿತು. ನನ್ನ ಮಟ್ಟಿಗೆ ಭಾರತದ ಮೊಬೈಲ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ದೋಣಿಯಲ್ಲಿ ದುಡಿಯುವವರ ಕೈಗೆ, ಮೀನು ಹೊತ್ತು ಮಾರುವ ಹೆಂಗಸರ ಕೈಗೆ ಫೋನು ಬರಲು ಸಾಧ್ಯವಾದದ್ದು ಕರೆ ಸ್ವೀಕರಿಸುವುದಕ್ಕೆ ಖರ್ಚಿಲ್ಲ ಎಂಬ ಭರವಸೆಯಿಂದ. ತಿಂಗಳಿಗೆ ಹತ್ತು ರೂಪಾಯಿಯ ಕರೆಯನ್ನೂ ಮಾಡದ ಗ್ರಾಹಕರೂ ಕಂಪನಿಗೆ ಲಾಭವೇ ಆದರು. ಅವರಿಗೆ ಬರುವ ಒಂದೊಂದು ಕರೆಯೂ ಪೈಸೆ ತರುತ್ತಿತ್ತು.

ಲೆಕ್ಕವನ್ನು ಅಂಕಿಯಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. 2004ರ ಫೆಬ್ರುವರಿಯಿಂದ ಟರ್ಮಿನೇಷನ್ ಶುಲ್ಕ ಎಲ್ಲ ಕರೆಗೂ ನಿಮಿಷಕ್ಕೆ 30 ಪೈಸೆ. ದೂರ ನೋಡಿ ಏರುತ್ತಿದ್ದ ಕ್ಯಾರಿಯೇಜ್ ಶುಲ್ಕಕ್ಕೆ 2006ರಲ್ಲಿ ದೂರದ ಗೊಡವೆಯಿಲ್ಲದೆ 65 ಪೈಸೆಯ ಮಿತಿ ಹಾಕಲಾಯಿತು. ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದೇ ರೂಪಾಯಿ ಎಂದು ‘ಒನ್ ಇಂಡಿಯಾ’ ಯೋಜನೆ ತಂದದ್ದೂ ಅದೇ ವರ್ಷದ ಮಾರ್ಚ್ 1ರಂದು. 2009ರಲ್ಲಿ ಟರ್ಮಿನೇಷನ್ 20 ಪೈಸೆಗೆ ಇಳಿಯಿತು. ಆಗ ಬೇಲೆಕೇರಿಯಿಂದ ಮುಂಬೈಯ ಮೊಬೈಲಿಗೆ ಒಂದು ರೂಪಾಯಿಯ ಕರೆ ಹೋಯಿತೆನ್ನಿ: ಮುಂಬೈಯ ಕಂಪನಿಗೆ 20 ಪೈಸೆ ಖಾಯಂ, ನಡುವೆ ಹೊತ್ತವರಿಗೆ ಹೆಚ್ಚೆಂದರೆ 65 ಪೈಸೆ, ಈ ತುದಿಯಲ್ಲಿ ತಂತಿ ಎಳೆದು ಬಿಲ್ಲು ಬರೆದವರಿಗೆ ಉಳಿಯುವುದು 15 ಪೈಸೆ. ನಡುವಿನ ದಾರಿಯಲ್ಲಿ ಸ್ಪರ್ಧಿಗಳು ಹೆಚ್ಚಿದಂತೆ ಕ್ಯಾರಿಯೇಜ್ ದರ ಮಿತಿಗಿಂತ ಎಷ್ಟೋ ಕೆಳಗಿಳಿಯಿತು. ಒಂದು ಆಪ್ಟಿಕಲ್ ಫೈಬರಿನಲ್ಲಿ ಸಾವಿರಾರು ಕರೆ ಒಟ್ಟಿಗೆ ಹೋಗುವಾಗ ನೂರು ಕಿಲೋಮೀಟರಿಗೂ ಸಾವಿರ ಕಿಲೋಮೀಟರಿಗೂ ಖರ್ಚಿನಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ. ದೂರ ಅಗ್ಗವಾಯಿತು. ತುಟ್ಟಿಯಾಗಿಯೇ ಉಳಿದದ್ದು ಊರಿನೊಳಗಿನ ದಾರಿ, ಏಕೆಂದರೆ ಅಲ್ಲಿ ಒಂದು ಕಂಬ, ಒಂದು ಟವರ್ ಹಂಚಿಕೊಳ್ಳುವ ಮನೆಗಳೇ ಕಡಿಮೆ.

ಆ ದುಬಾರಿ ದಾರಿಯ ನಷ್ಟ ತುಂಬಲು 2003ರ ನಿಯಮದಲ್ಲಿಯೇ ಇನ್ನೊಂದು ಶುಲ್ಕವಿತ್ತು: ಪ್ರವೇಶ ಕೊರತೆ ಶುಲ್ಕ, ಎಡಿಸಿ. ಇಲಾಖೆಯ ಕಾಲದಲ್ಲಿ ಎಸ್‌ಟಿಡಿಯೊಳಗೆ ಅಡಗಿದ್ದ ಹಳ್ಳಿಯ ಪಾಲನ್ನು ಬೇರೆ ಮಾಡಿ, ಹೆಸರಿಟ್ಟು, ಖಾಸಗಿ ಕಂಪನಿಗಳ ದೂರಕರೆ ಮತ್ತು ವಿದೇಶಿ ಕರೆಗಳಿಂದ ನಿಮಿಷದ ಲೆಕ್ಕದಲ್ಲಿ ವಸೂಲಿ ಮಾಡಿ, ಕಡಿಮೆ ಬಾಡಿಗೆಗೆ ಹಳ್ಳಿ ಫೋನ್ ನಡೆಸುವ ಬಿಎಸ್‌ಎನ್‌ಎಲ್‌ಗೆ ತಲುಪಿಸುವ ವ್ಯವಸ್ಥೆ ಅದು. ಉದ್ದೇಶ ನ್ಯಾಯವಾದದ್ದು. ಆದರೆ ಅದನ್ನು ಕರೆಯ ನಿಮಿಷದ ಬೆನ್ನಿಗೆ ಕಟ್ಟಿದ್ದು ತಪ್ಪಾಯಿತು. 2004ರಲ್ಲಿ ವಿದೇಶದಿಂದ ಬರುವ ಪ್ರತಿ ನಿಮಿಷದ ಮೇಲೆ ಎಡಿಸಿ 4 ರೂಪಾಯಿ 25 ಪೈಸೆ. ಅದೇ ಕರೆ ಸ್ಥಳೀಯ ಕರೆಯ ವೇಷ ಹಾಕಿಕೊಂಡು ಬಂದರೆ ಅಷ್ಟೂ ಉಳಿತಾಯ. ಇಷ್ಟು ಅಂತರವಿರುವ ಕಡೆ ಕಳ್ಳದಾರಿ ಹುಟ್ಟದೆ ಇರುವುದಿಲ್ಲ. ವಿದೇಶಿ ಕರೆಗಳನ್ನು ದೇಶದೊಳಗಿನ ಕರೆಗಳೆಂದು ತೋರಿಸಿದ ಆರೋಪದಲ್ಲಿ ರಿಲಯನ್ಸ್ ಇನ್ಫೋಕಾಂ ಮೇಲೆ ದೂರಸಂಪರ್ಕ ಇಲಾಖೆ 150 ಕೋಟಿ ರೂಪಾಯಿ ದಂಡ ಹಾಕಿತು. ಬಾಡಿಗೆ ಕೋಣೆಗಳಲ್ಲಿ ಹತ್ತಾರು ಸಿಮ್ ಕೂರಿಸಿದ ಪೆಟ್ಟಿಗೆಗಳ ಮೇಲೆ ಪೊಲೀಸರು ದಾಳಿ ಮಾಡಿದ ಸುದ್ದಿ ಈಗಲೂ ಆಗಾಗ ಬರುತ್ತದೆ. ಕೊಲ್ಲಿ ದೇಶದಿಂದ ಬಂದ ಕರೆಯಲ್ಲಿ ಊರಿನ ಯಾವುದೋ ಅಪರಿಚಿತ ನಂಬರ್ ಕಂಡು ಬೆರಗಾದ ಕರಾವಳಿಯ ಮನೆಗಳಿಗೆ ಆ ಬೆರಗಿನ ಹಿಂದಿನ ಲೆಕ್ಕ ಇದು.

ಎಡಿಸಿಯನ್ನು ಮೊದಲು ಇಳಿಸುತ್ತ, ಆಮೇಲೆ ನಿಮಿಷದ ಬದಲು ಕಂಪನಿಗಳ ವರಮಾನದ ಮೇಲಿನ ಶೇಕಡಾವಾರಿಗೆ ಬದಲಿಸುತ್ತ ಬಂದು 2008ರಲ್ಲಿ ನಿಲ್ಲಿಸಿದರು. ಹಳ್ಳಿಯ ಫೋನಿಗೆ ಪರಊರಿನ ಕರೆಯಿಂದ ನೇರವಾಗಿ ಬರುತ್ತಿದ್ದ ಹಣದ ತೊರೆ ಅಲ್ಲಿಗೆ ಬತ್ತಿತು.

ಇಲ್ಲಿ ನಮ್ಮ ಗಡಿಯ ಒಂದು ವಿಚಿತ್ರವನ್ನು ಹೇಳಲೇಬೇಕು. ಮೊಬೈಲ್ ಪರವಾನಗಿಗಾಗಿ ದೇಶವನ್ನು ಸರ್ಕಲ್‌ಗಳಾಗಿ ಹಂಚಿದಾಗ ಗೋವಾ ಮಹಾರಾಷ್ಟ್ರದ ಸರ್ಕಲ್‌ಗೆ ಸೇರಿತು, ಉತ್ತರ ಕನ್ನಡ ಕರ್ನಾಟಕದ್ದಕ್ಕೆ. ಒಂದು ಸರ್ಕಲ್‌ನೊಳಗೆ ಮೊಬೈಲ್ ಕಂಪನಿ ಕರೆಯನ್ನು ತಾನೇ ಸಾಗಿಸಬಹುದು. ಗಡಿ ದಾಟಿದರೆ ದೂರಕರೆ ಪರವಾನಗಿ ಇರುವವರ ಕೈಗೆ ಒಪ್ಪಿಸಬೇಕು. ಹಾಗಾಗಿ ಕಾರವಾರದಿಂದ ನೂರಾರು ಕಿಲೋಮೀಟರ್ ದೂರದ ಬೀದರ್‌ಗೆ ಮಾಡಿದ ಕರೆ ಸರ್ಕಲ್ ಒಳಗಿನದು. ಮಾಜಾಳಿಯಿಂದ ಕಣ್ಣಳತೆಯಲ್ಲಿರುವ ಪೋಳೆಗೆ ಮಾಡಿದ ಕರೆ ಎಸ್‌ಟಿಡಿ. 2005ರಲ್ಲಿ ಮುಂಬೈ ಮತ್ತು ಮಹಾರಾಷ್ಟ್ರ, ಚೆನ್ನೈ ಮತ್ತು ತಮಿಳುನಾಡು, ಕೋಲ್ಕತ್ತ ಮತ್ತು ಪಶ್ಚಿಮ ಬಂಗಾಳ, ಉತ್ತರಪ್ರದೇಶದ ಎರಡು ಭಾಗಗಳ ನಡುವಿನ ಕರೆಗಳನ್ನು ಒಂದೇ ಸರ್ಕಲ್‌ನೊಳಗಿನವು ಎಂದು ಎಣಿಸುವಂತಾಯಿತು. ಕಾಣಕೋಣದವರಿಗೆ ಮುಂಬೈ ಹತ್ತಿರವಾಯಿತು, ಕಾರವಾರ ದೂರವೇ ಉಳಿಯಿತು.

ದಿನಾ ಬೆಳಿಗ್ಗೆ ಗೋವಾಕ್ಕೆ ಕೆಲಸಕ್ಕೆ ಹೋಗಿ ಬರುವವರು, ಅತ್ತ ಕಡೆ ಹೆಣ್ಣು ಕೊಟ್ಟು ತಂದ ಮನೆಗಳು, ಮಡಗಾವಿನ ಮಾರುಕಟ್ಟೆಗೆ ಮೀನು ಕಳಿಸುವವರು, ಎರಡೂ ಬದಿಯಲ್ಲಿ ಒಂದೇ ಕೊಂಕಣಿ ಆಡುವ ಜನ ಇಲ್ಲಿದ್ದಾರೆ. ಮಾಜಾಳಿ ಚೆಕ್‌ಪೋಸ್ಟ್ ಹತ್ತಿರ ಬಂದಂತೆ ಗೋವಾದ ಟವರ್ ಫೋನನ್ನು ಎಳೆದುಕೊಂಡು, ಊರಲ್ಲೇ ಇದ್ದವರಿಗೂ ರೋಮಿಂಗ್ ತಟ್ಟುತ್ತಿತ್ತು. ಎರಡು ಸಿಮ್ ಇಟ್ಟುಕೊಳ್ಳುವುದು ಗಡಿಯ ಜನಕ್ಕೆ ಶೋಕಿಯಾಗಿರಲಿಲ್ಲ. ಕಾಸರಗೋಡಿನಲ್ಲೂ ಇದೇ ಪಾಡು. ತಲಪಾಡಿ ದಾಟಿದರೆ ಕೇರಳದ ಸರ್ಕಲ್. ಈ ಕರೆಗಳನ್ನು ಹೊತ್ತು ಸಾಗಿಸುವುದಕ್ಕೆ ದೂರದ ಖರ್ಚೇನೂ ಇರಲಿಲ್ಲ. ಜನ ತೆತ್ತದ್ದು ಸರ್ಕಲ್ ನಕ್ಷೆಯ ಗೆರೆಗೆ. 2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ರೋಮಿಂಗಿನಲ್ಲಿ ಒಳಬರುವ ಕರೆಯನ್ನು ಉಚಿತ ಮಾಡಿತು. ಮುಂದೆ ಅನಿಯಮಿತ ಕರೆಯ ಪ್ಯಾಕುಗಳು ಬಂದು ಆ ಗೆರೆ ಬಿಲ್ಲಿನಿಂದ ಅಳಿಸಿಹೋಯಿತು. ಅಲ್ಲಿಯವರೆಗೆ ಗಡಿಯ ಬಡವರು ಕೊಟ್ಟ ಹಣವನ್ನು ಯಾರೂ ಲೆಕ್ಕ ಹಾಕಲಿಲ್ಲ ಎಂಬ ಬೇಸರ ನನಗೆ ಇದೆ.

ದರ ಗೊತ್ತಾದ ಮೇಲೂ ಜಾಗದ ಜಗಳ ಉಳಿಯುತ್ತದೆ. ಎರಡು ಕಂಪನಿಗಳ ಜಾಲ ಕೂಡುವ ಕಡೆಗೆ ಪಾಯಿಂಟ್ ಆಫ್ ಇಂಟರ್‌ಕನೆಕ್ಷನ್, ಪಿಒಐ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಅಲ್ಲಿ ಇ-ಒನ್ ಎಂಬ ಕೊಂಡಿಗಳಿರುತ್ತವೆ. ಒಂದು ಕೊಂಡಿಯಲ್ಲಿ ಒಂದೇ ಹೊತ್ತಿಗೆ ಸುಮಾರು 30 ಕರೆ ಹೋಗಬಹುದು. ಮೂವತ್ತೊಂದನೆಯವರಿಗೆ ‘ಈ ಮಾರ್ಗದ ಎಲ್ಲ ಲೈನ್‌ಗಳು ಕಾರ್ಯನಿರತವಾಗಿವೆ’ ಎಂಬ ದನಿ. ಹೊಸ ಕೊಂಡಿ ಬೇಕೆಂದು ಕೇಳಿದ ಕಂಪನಿ ಅದರ ಪೋರ್ಟಿಗೆ ಬಾಡಿಗೆ ಕಟ್ಟಬೇಕು, ಮತ್ತು ಇನ್ನೊಂದು ಕಂಪನಿ ಕೊಡುವವರೆಗೆ ಕಾಯಬೇಕು. ಕಾಯಿಸುವುದು ಸ್ಪರ್ಧಿಯನ್ನು ಹೊರಗಿಡುವ ಸುಲಭದ ದಾರಿ. ಪೋರ್ಟಿನ ಬಾಡಿಗೆಯ ಬಗ್ಗೆ ಬಿಎಸ್‌ಎನ್‌ಎಲ್ ಮತ್ತು ಟ್ರಾಯ್ ನಡುವೆ ಹುಟ್ಟಿದ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ 2013ರ ಡಿಸೆಂಬರ್‌ನಲ್ಲಿ ತೀರ್ಪಾಯಿತು.

ಎಲ್ಲರಿಗೂ ನೆನಪಿರುವ ಜಗಳ 2016ರದ್ದು. ಸೆಪ್ಟೆಂಬರ್‌ನಲ್ಲಿ ಜಿಯೊ ಉಚಿತ ಕರೆಯೊಂದಿಗೆ ಬಂತು. ಜಿಯೊದಿಂದ ಬೇರೆ ಕಂಪನಿಗಳ ಕಡೆಗೆ ಕರೆಗಳ ಹೊಳೆ ಹರಿಯಿತು. ಸೇರುವ ಬಾಗಿಲು ಸಣ್ಣದಾಗಿತ್ತು. ನೂರು ಕರೆಗಳಲ್ಲಿ ಅರ್ಧ ಕರೆಯಷ್ಟು ಮಾತ್ರ, ಅಂದರೆ ಶೇ 0.5ರಷ್ಟು ಪಿಒಐನಲ್ಲಿ ಬಿದ್ದುಹೋಗಬಹುದು ಎಂಬುದು ನಿಯಮ. ಆಗ ಬಿದ್ದುಹೋದ ಕರೆಗಳ ಪ್ರಮಾಣ ಅದನ್ನು ಎಷ್ಟೋ ಪಟ್ಟು ಮೀರಿತ್ತು. ಅಕ್ಟೋಬರ್‌ನಲ್ಲಿ ಟ್ರಾಯ್ ಏರ್‌ಟೆಲ್ ಮತ್ತು ವೊಡಾಫೋನ್‌ಗೆ ತಲಾ 1,050 ಕೋಟಿ, ಐಡಿಯಾಕ್ಕೆ 950 ಕೋಟಿ ದಂಡ ಹಾಕುವಂತೆ ಶಿಫಾರಸು ಮಾಡಿತು. ಜಿಯೊ ತಾನೇ ತಂದುಕೊಂಡ ಪ್ರವಾಹ ಇದು, ಅದಕ್ಕೆ ನಾವೇಕೆ ಹೊಣೆ ಎಂಬುದು ಆ ಕಂಪನಿಗಳ ವಾದ. ಎರಡೂ ಕಡೆ ಹುರುಳಿದೆ. ಆದರೆ ಫೋನ್ ಹಿಡಿದು ಮತ್ತೆ ಮತ್ತೆ ಒತ್ತುತ್ತಿದ್ದವರಿಗೆ ಎರಡು ಕಂಪನಿಗಳ ನಡುವಿನ ಬಾಗಿಲೊಂದು ಮುಚ್ಚಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಅವರು ಬೈದದ್ದು ತಮ್ಮ ಹ್ಯಾಂಡ್‌ಸೆಟ್ಟನ್ನು, ಇಲ್ಲವೇ ಸಿಗ್ನಲನ್ನು. 2018ರ ಹೊಸ ನಿಯಮಾವಳಿ ಬಂದ ಮೇಲೆ ಬಾಗಿಲು ತೆರೆಯಲು ಗಡುವು ಬಂತು.

ಇದೇ ಕಥೆಯನ್ನು ಅಮೆರಿಕ ನಮಗಿಂತ ಮೊದಲೇ ಕಂಡಿತ್ತು. 1984ರ ಜನವರಿ 1ರಂದು ಎಟಿ ಆ್ಯಂಡ್ ಟಿ ಎಂಬ ದೈತ್ಯ ಕಂಪನಿ ಒಡೆದು, ಊರೊಳಗಿನ ಜಾಲ ಏಳು ಪ್ರಾದೇಶಿಕ ಕಂಪನಿಗಳ ಪಾಲಾಯಿತು. ದೂರಕರೆಯವರು ಊರಿನ ತಂತಿ ಬಳಸಲು ಆ ಕಂಪನಿಗಳಿಗೆ ಪ್ರವೇಶ ಶುಲ್ಕ ಕೊಡತೊಡಗಿದರು. ಹಳ್ಳಿಗಾಡಿನ ಪುಟ್ಟ ಕಂಪನಿಗಳಿಗೆ ಖರ್ಚು ಹೆಚ್ಚೆಂದು ದರವೂ ಹೆಚ್ಚಿತ್ತು. ಅಯೋವಾ ರಾಜ್ಯದ ಕೆಲವು ಸಣ್ಣ ಕಂಪನಿಗಳು ಇದರಲ್ಲಿ ಒಂದು ದಾರಿ ಕಂಡವು: ಉಚಿತ ಕಾನ್ಫರೆನ್ಸ್ ಕರೆ, ಹರಟೆಯ ಲೈನು ನಡೆಸುವವರನ್ನು ತಮ್ಮ ಎಕ್ಸ್‌ಚೇಂಜಿಗೆ ಕರೆತಂದು, ದೇಶದ ಎಲ್ಲೆಡೆಯಿಂದ ಅಲ್ಲಿಗೆ ಕರೆ ಹರಿಯುವಂತೆ ಮಾಡಿ, ಬಂದ ಪ್ರವೇಶ ಶುಲ್ಕವನ್ನು ಹಂಚಿಕೊಂಡವು. ಇದಕ್ಕೆ ಎದುರಾಗಿ ಕೆಲವು ದೂರಕರೆ ಕಂಪನಿಗಳ ಕರೆಗಳು ದುಬಾರಿ ಹಳ್ಳಿಗಳನ್ನು ಮುಟ್ಟದೇ ಹೋಗತೊಡಗಿದವು. ಹಳ್ಳಿಯ ರೈತರಿಗೆ, ಆಸ್ಪತ್ರೆಗೆ ಬರಬೇಕಾದ ಕರೆ ಬರಲಿಲ್ಲ. 2011ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಈ ಶುಲ್ಕಗಳನ್ನು ಹಂತಹಂತವಾಗಿ ಸೊನ್ನೆಯತ್ತ ಒಯ್ಯುವ ಆದೇಶ ಮಾಡಿ, ಹಳ್ಳಿಯ ನೆರವಿಗೆ ಪ್ರತ್ಯೇಕ ನಿಧಿಯನ್ನು ನೆಚ್ಚಿತು. 2013ರಲ್ಲಿ ಹಳ್ಳಿಗೆ ಹೋಗುವ ಕರೆಗಳ ದಾಖಲೆ ಇಡಬೇಕೆಂದೂ ನಿಯಮ ಬಂತು. ಕಡೆಗೆ ಮುಟ್ಟಿಸುವ ದಾರಿಗೆ ದರ ಕಟ್ಟುವಾಗ ಹೆಚ್ಚಾದರೆ ಕಳ್ಳಾಟ, ಹಳ್ಳಿಯ ಖರ್ಚಿಗೆ ಸಾಲದಾದರೆ ಹಳ್ಳಿಗೆ ಕತ್ತಲೆ. ಎರಡರ ನಡುವೆ ದಾರಿ ಹುಡುಕುವುದೇ ನಿಯಂತ್ರಕರ ಕೆಲಸ.

ನಾವೂ ಸೊನ್ನೆಯನ್ನೇ ಆರಿಸಿಕೊಂಡೆವು. 2015ರಲ್ಲಿ ಮೊಬೈಲ್ ಟರ್ಮಿನೇಷನ್ 14 ಪೈಸೆಗೆ ಬಂತು, ಸ್ಥಿರ ದೂರವಾಣಿಗೆ ಸಂಬಂಧಪಟ್ಟ ಕರೆಗಳಿಗೆ ಸೊನ್ನೆಯಾಯಿತು, ಕ್ಯಾರಿಯೇಜ್ ಮಿತಿ 35 ಪೈಸೆಗೆ ಇಳಿಯಿತು. 2017ರ ಅಕ್ಟೋಬರ್‌ನಿಂದ 6 ಪೈಸೆ. 2020ಕ್ಕೆ ಸೊನ್ನೆ ಎಂದದ್ದನ್ನು ಒಂದು ವರ್ಷ ಮುಂದೂಡಿ 2021ರ ಜನವರಿ 1ರಿಂದ ಜಾರಿ ಮಾಡಿದರು. ನಡುವಿನ ಆ ವರ್ಷಗಳ ಕಾದಾಟ ನಮ್ಮ ಕಿವಿಗೂ ಕೇಳಿಸಿತ್ತು. ಕರೆ ಹೆಚ್ಚು ಹೊರಡಿಸುವ ಜಿಯೊ ಮೂರು ವರ್ಷದಲ್ಲಿ ಸುಮಾರು 13,500 ಕೋಟಿ ರೂಪಾಯಿ ಕೊಟ್ಟಿದ್ದೇನೆ ಎಂದು ಹೇಳಿ, 2019ರ ಅಕ್ಟೋಬರ್‌ನಿಂದ ಬೇರೆ ಜಾಲದ ಕರೆಗೆ ಗ್ರಾಹಕರಿಂದ 6 ಪೈಸೆ ವಸೂಲಿ ಮಾಡತೊಡಗಿತು. ಅದೇ ಹೊತ್ತಿಗೆ ಫೋನ್ ರಿಂಗಾಗುವ ಅವಧಿಯನ್ನೂ ಕಂಪನಿಗಳು ಮೊಟಕು ಮಾಡಿದವು. ಬೇಗ ಕಡಿದುಹೋದರೆ ಆಚೆಯವರು ತಿರುಗಿ ಕರೆ ಮಾಡುತ್ತಾರೆ. ಆಗ ಶುಲ್ಕ ಕೊಡಬೇಕಾದವರು ಅವರ ಕಂಪನಿಯವರು! ಕಡೆಗೆ ಟ್ರಾಯ್ ಮೊಬೈಲಿಗೆ 30 ಸೆಕೆಂಡ್, ಸ್ಥಿರ ದೂರವಾಣಿಗೆ 60 ಸೆಕೆಂಡ್ ರಿಂಗಾಗಬೇಕು ಎಂದು ಆದೇಶಿಸಬೇಕಾಯಿತು. ಅಂಗಳದ ತುದಿಯಲ್ಲಿದ್ದ ಅಜ್ಜಿ ಎದ್ದು ಬಂದು ಫೋನ್ ಎತ್ತುವಷ್ಟರಲ್ಲಿ ಕರೆ ಕಡಿದುಹೋದರೆ, ಅದರ ಕಾರಣ ಆರು ಪೈಸೆಯ ಲೆಕ್ಕದಲ್ಲಿತ್ತು.

ಸೊನ್ನೆ ಮಾಡಿದ್ದು ಸರಿಯೇ? ಎರಡು ದೊಡ್ಡ ಕಂಪನಿಗಳ ನಡುವೆ ಕರೆ ಅತ್ತಿಂದಿತ್ತ ಸರಿಸಮವಾಗಿ ಹೋಗುತ್ತಿದ್ದರೆ ಕೊಡುವುದೂ ತೆಗೆದುಕೊಳ್ಳುವುದೂ ಒಂದೇ. ಬರಿದೆ ಲೆಕ್ಕ ಬರೆಯುವ ಖರ್ಚು. ಮಾತು ಡೇಟಾ ಆಗಿ ಹೋಗುವ ಈ ಕಾಲದಲ್ಲಿ ಒಂದು ನಿಮಿಷ ಮಾತು ಮುಟ್ಟಿಸುವ ಖರ್ಚೂ ನಗಣ್ಯ. ಹಾಗಾಗಿ ಸೊನ್ನೆಯನ್ನು ನಾನು ಒಪ್ಪುತ್ತೇನೆ. ಒಪ್ಪುವಾಗಲೇ ಒಂದನ್ನು ಮರೆಯಬಾರದು: ಹೆಚ್ಚು ಕರೆ ಮಾಡದೆ, ಬಂದ ಕರೆಯನ್ನೇ ನೆಚ್ಚಿಕೊಂಡ ಗ್ರಾಹಕರು ಇನ್ನು ಕಂಪನಿಗೆ ಏನನ್ನೂ ಗಳಿಸಿಕೊಡುವುದಿಲ್ಲ. ಒಳಬರುವ ಕರೆಗೂ ತಿಂಗಳ ರೀಚಾರ್ಜ್ ಬೇಕು ಎಂಬ ನಿರ್ಬಂಧ 2018ರ ಕೊನೆಯಿಂದ ಬಿಗಿಯಾಗುತ್ತ ಬಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2003ರಲ್ಲಿ ಬಡವರ ಕೈಗೆ ಫೋನು ಕೊಟ್ಟ ಲೆಕ್ಕ 2021ಕ್ಕೆ ಪೂರ್ತಿ ಮಗುಚಿತ್ತು. ಹಳ್ಳಿಯ ಟವರಿನ ಗತಿಯೂ ಹಾಗೆಯೇ. ಅದು ನಡೆಯಬೇಕಾದರೆ ಆ ಹಳ್ಳಿಯವರ ರೀಚಾರ್ಜಿನಿಂದಲೇ ನಡೆಯಬೇಕು, ಇಲ್ಲವೇ ಸಾರ್ವಜನಿಕ ನಿಧಿಯಿಂದ.

ಆ ನಿಧಿ ಇದೆ. ಎಲ್ಲ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ವರಮಾನದ ಶೇ 5ರಷ್ಟನ್ನು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಗೆಂದು ಕಟ್ಟುವ ಪದ್ಧತಿ 2002ರಿಂದ ಬಂದಿದೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು ಬದಲಿಸಿತು. ಕಂಪನಿಗಳು ಕಟ್ಟುತ್ತವೆ ಎಂದರೆ ನಮ್ಮ ರೀಚಾರ್ಜಿನಿಂದಲೇ ಹೋಗುತ್ತದೆ. ಮೊದಲು ಎಸ್‌ಟಿಡಿ ನಿಮಿಷದಲ್ಲಿ ಅಡಗಿದ್ದದ್ದು, ಆಮೇಲೆ ಎಡಿಸಿ ಆಗಿದ್ದದ್ದು, ಈಗ ಈ ಶೇ 5ರಲ್ಲಿ ಬಂದು ಕೂತಿದೆ. ನಿಮಿಷಕ್ಕೆ ಕಟ್ಟಿದ ಶುಲ್ಕಕ್ಕಿಂತ ಇದು ಎಷ್ಟೋ ಮೇಲು. ಇದರಿಂದ ಯಾವ ಕರೆಯೂ ವೇಷ ಹಾಕಬೇಕಾಗುವುದಿಲ್ಲ. ಆದರೆ ಸಂಗ್ರಹವಾದಷ್ಟು ಹಣ ನಿಧಿಗೆ ವರ್ಗವಾಗುತ್ತಿಲ್ಲ ಎಂದು ಮಹಾಲೇಖಪಾಲರ ವರದಿಗಳು ಎತ್ತಿ ತೋರಿಸಿವೆ. 2022ರಲ್ಲಿ ಕೇಂದ್ರ ಸಂಪುಟ ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದಲ್ಲಿ ಅಷ್ಟು ಹಳ್ಳಿಗಳು ಇನ್ನೂ ಕಾಯುತ್ತಿದ್ದವು ಎಂದೇ ಇದರರ್ಥ.

ಉತ್ತರ ಕನ್ನಡಕ್ಕೆ ಈ ಮಾತು ಬೇರೆ ಜಿಲ್ಲೆಗಳಿಗಿಂತ ಹೆಚ್ಚು ತಟ್ಟುತ್ತದೆ. ಹೆದ್ದಾರಿಯ ಗುಂಟ ಇರುವ ಬೇಲೆಕೇರಿ, ಅವರ್ಸಾ, ಅಂಕೋಲಾ ಪೇಟೆಗಳಿಗೆ ಟವರಿನ ಚಿಂತೆ ಅಷ್ಟಾಗಿ ಇಲ್ಲ. ಪೂರ್ವಕ್ಕೆ ಗಂಗಾವಳಿಯ ಮೇಲ್ದಂಡೆ ಹಿಡಿದು ಘಟ್ಟದ ಬುಡಕ್ಕೆ ಹೋದಂತೆ, ಇನ್ನೂ ಆಚೆಗೆ ಜೋಯಿಡಾದ ಕಾಡಿನೊಳಗೆ ಹೋದಂತೆ, ಮನೆಗಳು ಚೆದುರುತ್ತವೆ, ಗುಡ್ಡಗಳು ಸಿಗ್ನಲಿಗೆ ಅಡ್ಡ ಬರುತ್ತವೆ, ಕಾಡಿನಲ್ಲಿ ಕೇಬಲ್ ಎಳೆಯಲು ಅನುಮತಿಗಳು ಬೇಕಾಗುತ್ತವೆ. ಕೋವಿಡ್ ವರ್ಷಗಳಲ್ಲಿ ಈ ಜಿಲ್ಲೆಯ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕೂತದ್ದನ್ನು ರಾಜ್ಯವೆಲ್ಲ ಕಂಡಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿ ಮುಗಿದು ಟವರೂ ಮಲಗುತ್ತದೆ. ಇಂಥ ಟವರಿಗೆ ಜನರೇಟರಿನ ಡೀಸೆಲ್ ಹಾಕಿಸುವ ಖರ್ಚು ಇಪ್ಪತ್ತೈದು ಮನೆಗಳ ರೀಚಾರ್ಜಿನಿಂದ ಹುಟ್ಟುವುದು ಸಾಧ್ಯವಿಲ್ಲ. ನಿಧಿಯಿಂದ ಟವರ್ ಕಟ್ಟಿದರೆ ಸಾಲದು, ಅದನ್ನು ನಡೆಸುವ ಖರ್ಚನ್ನೂ ನಿಧಿಯೇ ಹೊರಬೇಕು. ಯಾವ ತಾಲ್ಲೂಕಿನಲ್ಲಿ ಎಷ್ಟು ಟವರಿಗೆ ಎಷ್ಟು ಕೊಟ್ಟರು, ವರ್ಷದಲ್ಲಿ ಎಷ್ಟು ದಿನ ಅವು ನಡೆದವು ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯುವಂತಾಗಬೇಕು.

ವಿದೇಶದಿಂದ ಬರುವ ಕರೆಗೆ ಮಾತ್ರ ಇಂದಿಗೂ ಟರ್ಮಿನೇಷನ್ ಶುಲ್ಕ ಉಳಿದಿದೆ. 2020ರ ಮೇಯಿಂದ ಅದು ನಿಮಿಷಕ್ಕೆ 35ರಿಂದ 65 ಪೈಸೆಯ ನಡುವೆ. ಆದರೆ ಕೊಲ್ಲಿಯಲ್ಲಿರುವ ಭಟ್ಕಳದ, ಕಾರವಾರದ ಮಕ್ಕಳು ಮನೆಗೆ ಮಾತಾಡುವುದು ಈಗ ಬಹುಮಟ್ಟಿಗೆ ಆ್ಯಪ್‌ಗಳಲ್ಲಿ. ವಾಟ್ಸ್‌ಆ್ಯಪ್ ಕರೆಗೆ ತಡೆಯಿರುವ ದುಬೈಯಿಂದ ಬೋಟಿಮ್‌ನಲ್ಲಿ. ಆ ಮಾತು ಡೇಟಾ ಆಗಿ ಬರುತ್ತದೆ, ನಿಮಿಷದ ಲೆಕ್ಕಕ್ಕೇ ಸಿಗುವುದಿಲ್ಲ. ಹಾಗಾಗಿಯೇ ಕಂಪನಿಗಳು ಈಗ ಹೊಸ ಬೇಡಿಕೆ ಇಟ್ಟಿವೆ: ನಮ್ಮ ಜಾಲದ ಮೇಲೆ ಸಂಚರಿಸುವ ವಾಟ್ಸ್‌ಆ್ಯಪ್, ಯೂಟ್ಯೂಬ್‌ಗಳು ನಮಗೆ ಪಾಲು ಕೊಡಲಿ. ಗ್ರಾಹಕರು ಡೇಟಾಕ್ಕೆ ಆಗಲೇ ಹಣ ಕೊಟ್ಟಿದ್ದಾರೆ, ಮತ್ತೆ ನಾವೇಕೆ ಕೊಡಬೇಕು ಎಂದು ಆ ಆ್ಯಪ್‌ಗಳವರು ಕೇಳುತ್ತಾರೆ. 2023ರಲ್ಲಿ ಟ್ರಾಯ್ ಆ್ಯಪ್‌ಗಳ ಕುರಿತು ಸಮಾಲೋಚನಾ ಪತ್ರ ಹೊರಡಿಸಿದಾಗ ಎರಡೂ ಕಡೆಯವರು ತಮ್ಮ ವಾದಗಳನ್ನು ಮುಂದಿಟ್ಟರು. ಈ ವಾದ ಕೇಳಿಸಿಕೊಳ್ಳುವಾಗ ಕರಾವಳಿಯ ನಾವು ಕೇಳಬೇಕಾದದ್ದು ಒಂದೇ: ಆ ಪಾಲು ಬಂದರೆ, ಅದರಲ್ಲಿ ಎಷ್ಟು ಹಣ ಘಟ್ಟದ ಬುಡದ ಟವರಿಗೆ ಹೋಗುತ್ತದೆ, ಮತ್ತು ಅದನ್ನು ಯಾವ ನಿಯಮದಲ್ಲಿ ಬರೆದಿದ್ದೀರಿ?